ಕರ್ನಲ್ ಸಾಹೇಬರ ಪಿಸ್ತೂಲು

ನಮ್ಮ ಅಡುಗೆಮನೆಯ ಮೇಜಿನ ಮೇಲೆ ಊಟ ಮಾಡುವ ಹಕ್ಕು ನನಗಿಲ್ಲ. ಮದುವೆಯಲ್ಲಿ ಅತ್ತೆ ಕೊಟ್ಟ ಓಕ್ ಮರದ ಮೇಜು. ಆರು ಜನ ಧಾರಾಳವಾಗಿ ಕೂರಬಹುದು. ಈಗ ಅದರ ಮೇಲೆ ಹಸಿರು ಉಣ್ಣೆಯ ಬಟ್ಟೆ, ಬಟ್ಟೆಯ ಮೇಲೊಂದು ಭೂತಗನ್ನಡಿ, ಭೂತಗನ್ನಡಿಯ ಪಕ್ಕದಲ್ಲಿ ನನ್ನ ಗಂಡ ಡೆಲ್ಬರ್ಟನ ಮೊಣಕೈ. ನಾನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತೇನೆ.

ಓಹಾಯೋದ ನಮ್ಮ ಹಾರ್ಲನ್ ಕ್ರೀಕಿನಲ್ಲಿ ಬೇರೆ ಹೆಂಗಸರಿಗೂ ಗಂಡಂದಿರಿದ್ದಾರೆ. ಅವರು ನವೆಂಬರಿನಲ್ಲಿ ಜಿಂಕೆ ಹೊಡೆಯುತ್ತಾರೆ, ಜನವರಿಯಲ್ಲಿ ಹೆಪ್ಪುಗಟ್ಟಿದ ಕೆರೆಗೆ ತೂತು ಕೊರೆದು ಮೀನು ಹಿಡಿಯುತ್ತಾರೆ, ಉಳಿದ ಕಾಲವೆಲ್ಲ ಟಿವಿಯ ಮುಂದೆ ಬಾಯಿ ತೆರೆದು ಮಲಗಿರುತ್ತಾರೆ. ಅಂಥ ಸಂಸಾರಗಳಲ್ಲಿ ಒಂದು ಶಾಂತಿ ಇರುತ್ತದೆ. ಡೆಲ್ಬರ್ಟ್ ಹಗಲು ಹೊತ್ತು ರಸ್ತೆ ಇಲಾಖೆಯಲ್ಲಿ ಗುಂಡಿ ಮುಚ್ಚುತ್ತಾನೆ. ಸಂಜೆ ಮನೆಗೆ ಬಂದು, ಗುಂಡು ಹಾರಿಸಿ ಅರ್ಧ ಶತಮಾನ ಕಳೆದ ಪಿಸ್ತೂಲುಗಳಿಗೆ ಬೆಲೆ ಕಟ್ಟುತ್ತಾನೆ. ಅದೂ ಎರಡನೇ ಮಹಾಯುದ್ಧದವು ಮಾತ್ರ. ಸುತ್ತಮುತ್ತಲ ಮೂರು ಜಿಲ್ಲೆಗಳಲ್ಲಿ ಸಂಗ್ರಹಕಾರರು ಅವನ ಮಾತಿಗೆ ತಲೆಬಾಗುತ್ತಾರೆ. (ಮೂರು ಜಿಲ್ಲೆಗಳು ತಲೆಬಾಗಿದ ಮೇಲೆ ಹೆಂಡತಿಯ ತಲೆಯ ಅಗತ್ಯ ಅವನಿಗೆ ಬೀಳುವುದಿಲ್ಲ.)

ಜನ ಪಿಸ್ತೂಲನ್ನು ಸ್ನಾನದ ಟವೆಲಿನಲ್ಲಿ, ಬಿಸ್ಕತ್ತಿನ ಡಬ್ಬಿಯಲ್ಲಿ, ಅಜ್ಜನ ಉಣ್ಣೆಯ ಕಾಲುಚೀಲದಲ್ಲಿ ಸುತ್ತಿಕೊಂಡು ತರುತ್ತಾರೆ. ಜೊತೆಗೆ ಒಂದು ಕಥೆಯನ್ನೂ ತರುತ್ತಾರೆ. ನಮ್ಮಜ್ಜ ಇದನ್ನು ಜರ್ಮನ್ ಸೇನಾಪತಿಯ ಸೊಂಟದಿಂದ ಕಿತ್ತುಕೊಂಡರಂತೆ, ನಮ್ಮ ಚಿಕ್ಕಪ್ಪ ಸೇತುವೆಯ ಕೆಳಗೆ ಕೈಕೈ ಮಿಲಾಯಿಸಿ ಗೆದ್ದರಂತೆ. ಡೆಲ್ಬರ್ಟ್ ತಲೆದೂಗುತ್ತಾ ಪೂರ್ತಿ ಕೇಳುತ್ತಾನೆ. ಬಿಳಿ ಕೈಗವಸು ಹಾಕಿಕೊಂಡು, ಒಳಗೆ ಗುಂಡಿಲ್ಲವೆಂದು ಎರಡು ಸಲ ಖಚಿತಪಡಿಸಿಕೊಂಡು, ಪಿಸ್ತೂಲನ್ನು ಮಗುವಿನಂತೆ ಮಗುಚುತ್ತಾನೆ. ಬಿಡಿಭಾಗಗಳ ಮೇಲಿನ ಪುಟ್ಟ ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ, ಮೇಲಿನ ಕಪ್ಪುನೀಲಿ ಹೊಳಪು ಹುಟ್ಟಿನಿಂದ ಬಂದದ್ದೇ ಅಥವಾ ಆಮೇಲೆ ಯಾರಾದರೂ ಕುಡಿಸಿದ್ದೇ ಎಂದು ನೋಡುತ್ತಾನೆ. ಕೊನೆಗೆ ನಳಿಗೆಯ ಅಡಿಯಲ್ಲಿ ಒಂದು ಮುದ್ರೆಗಾಗಿ ಹುಡುಕುತ್ತಾನೆ.

ಆ ಮುದ್ರೆಯೇ ಯಮ. ಹೊರದೇಶದಿಂದ ಮಾರಾಟಕ್ಕೆ ತರಿಸಿದ ಪಿಸ್ತೂಲಿನ ಮೇಲೆ ತರಿಸಿದವನ ಹೆಸರು, ಊರು ಕೊರೆದಿರಬೇಕೆಂದು ಸರ್ಕಾರ ಕಾನೂನು ಮಾಡಿದ್ದು ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ. ಸೈನಿಕನ ಚೀಲದಲ್ಲಿ ಅಡಗಿ ಹಡಗಿಳಿದ ಪಿಸ್ತೂಲಿಗೆ ಆ ಮುದ್ರೆ ಇರುವುದು ಸಾಧ್ಯವೇ ಇಲ್ಲ. ಮುದ್ರೆ ಕಂಡಿತೋ, ಅಜ್ಜ ಅದನ್ನು ಸೇನಾಪತಿಯಿಂದ ಕಿತ್ತುಕೊಂಡದ್ದಲ್ಲ, ಅಂಗಡಿಯವನಿಂದ ರಶೀದಿ ಸಮೇತ ಪಡೆದದ್ದು. ಡೆಲ್ಬರ್ಟ್ ಆಗ ಗಂಟಲು ಸರಿಪಡಿಸಿಕೊಳ್ಳುತ್ತಾನೆ. ಆ ಸದ್ದು ಕೇಳಿದ ಕೂಡಲೇ ನಾನು ಸೇಬಿನ ಪೈ ಕತ್ತರಿಸಲು ಏಳುತ್ತೇನೆ. ಸತ್ಯ ಹೇಳುವುದು ಅವನ ಕೆಲಸ, ಕೇಳಿದವರಿಗೆ ಏನಾದರೂ ತಿನ್ನಲು ಕೊಡುವುದು ನನ್ನದು.

"ಸ್ವಲ್ಪ ಮೆತ್ತಗೆ ಹೇಳಬಾರದಾ? ಆ ಮುದುಕಿ ಅಳ್ತಾ ಹೋದ್ಲು," ಎಂದು ಒಮ್ಮೆ ಕೇಳಿದ್ದೆ.

"ಕೊರಿನ್, ಪಿಸ್ತೂಲು ಸುಳ್ಳು ಹೇಳಲ್ಲ. ನಾನ್ಯಾಕೆ ಹೇಳ್ಲಿ? ಇವತ್ತಿನವರೆಗೆ ಒಂದು ಸುಳ್ಳು ಕಾಗದಕ್ಕೆ ಸಹಿ ಹಾಕಿಲ್ಲ ನಾನು."

ಇಂಥ ಹರಿಶ್ಚಂದ್ರನೊಡನೆ ಸಂಸಾರ ಮಾಡುವವಳು ಬೆಳಕು ಬರುವ ಒಂದು ಮೂಲೆಯನ್ನಾದರೂ ತನಗಾಗಿ ಬಯಸುತ್ತಾಳೆ. ನಾನು ಶಾಲೆಯ ಅಡುಗೆಮನೆಯಲ್ಲಿ ದುಡಿದು, ಹಿತ್ತಿಲ ಕಡೆಗೆ ಗಾಜು ಮುಚ್ಚಿದ ಒಂದು ಜಗಲಿ ಕಟ್ಟಿಸಲು ಹಣ ಕೂಡಿಡುತ್ತಿದ್ದೆ. ಅಲ್ಲಿ ಒಂದು ಪುಟ್ಟ ಮೇಜು, ಮೇಜಿನ ಮೇಲೆ ಬೆಳಗಿನ ಬಿಸಿಲು, ಬಿಸಿಲಿನಲ್ಲಿ ನನ್ನ ಕಾಫಿ. ಪಿಸ್ತೂಲಿಗೆ ಪ್ರವೇಶವಿಲ್ಲ.

ಇನ್ನು ನನ್ನ ಅಪ್ಪನ ವಿಷಯ. ಅಪ್ಪ ವೆಂಡೆಲ್ ಯುದ್ಧದಿಂದ ಲೂಗರ್ ಎಂಬ ಜರ್ಮನ್ ಪಿಸ್ತೂಲೊಂದನ್ನು ತಂದಿದ್ದರು. ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಟರ್ಕಿ ಕೋಳಿಗೆ ಚಾಕು ಇಳಿಸುವ ಮೊದಲು ಅದರ ಕಥೆ ಆಗಲೇಬೇಕು. ಹಿಮ ಬೀಳುತ್ತಿದ್ದ ಕಾಡು, ಮುರಿದ ಗಾಡಿ, ಗಾಡಿಯ ಹಿಂದೆ ಜರ್ಮನ್ ಅಧಿಕಾರಿ, ಅಪ್ಪನ ಕೈಯಲ್ಲಿ ಖಾಲಿ ಬಂದೂಕು. ನಾನು ಚಿಕ್ಕವಳಿದ್ದಾಗ ಆ ಅಧಿಕಾರಿ ಬರೀ ಲೆಫ್ಟಿನೆಂಟ್ ಆಗಿದ್ದ. ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಮೇಜರ್ ಆದ. ನನ್ನ ಮಗ ಹುಟ್ಟಿದ ವರ್ಷ ಕರ್ನಲ್. ಸೋತ ಸೈನ್ಯದಲ್ಲಿ ಇಷ್ಟು ಬಡ್ತಿ ಪಡೆದವನು ಅವನೊಬ್ಬನೇ ಇರಬೇಕು.

ಪಿಸ್ತೂಲು ಮಾತ್ರ ಮಾಳಿಗೆಯ ಮೇಲೆ ಬೂಟಿನ ಡಬ್ಬಿಯಲ್ಲಿ ಇರುತ್ತಿತ್ತು. ಅಪ್ಪ ಕಥೆಯನ್ನು ಹೊರಗೆ ತೆಗೆಯುತ್ತಿದ್ದರೇ ಹೊರತು ಪಿಸ್ತೂಲನ್ನಲ್ಲ. ಡೆಲ್ಬರ್ಟನಿಗಂತೂ ಒಮ್ಮೆಯೂ ಮುಟ್ಟಲು ಕೊಟ್ಟಿರಲಿಲ್ಲ. "ಹೆತ್ತಮ್ಮನ ಹಲ್ಲಿಗೂ ಬೆಲೆ ಕಟ್ಟೋ ಮನುಷ್ಯ ಅವನು," ಎನ್ನುತ್ತಿದ್ದರು.

ಅಪ್ಪನಿಗೆ ಎಂಬತ್ತು ತುಂಬುವ ವರ್ಷ ಊರಿನ ಮಾಜಿ ಸೈನಿಕರ ಸಭಾಂಗಣದವರು ಬಂದು, ಆ ಪಿಸ್ತೂಲನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಕೆಳಗೆ ಅಪ್ಪನ ಹೆಸರಿನ ಹಿತ್ತಾಳೆ ಫಲಕ ಹಾಕಿಸುತ್ತೇವೆ ಎಂದರು. ಅಪ್ಪ ಆ ದಿನದಿಂದ ನಡೆಯುವಾಗ ಬೆನ್ನು ನೆಟ್ಟಗೆ ಮಾಡಿದರು. ಒಂದೇ ಒಂದು ತೊಡಕು: ವಿಮೆಗಾಗಿ ಬಲ್ಲವರೊಬ್ಬರು ಪಿಸ್ತೂಲು ನೋಡಿ, ಗುರುತಿಸಿ, ಬೆಲೆ ಬರೆದು ಸಹಿ ಹಾಕಬೇಕು. ಮೂರು ಜಿಲ್ಲೆಗಳಲ್ಲಿ ಬಲ್ಲವನು ಒಬ್ಬನೇ.

ಭಾನುವಾರ ಚರ್ಚಿನಿಂದ ನೇರವಾಗಿ ಅಪ್ಪ, ಅಮ್ಮ ಇಬ್ಬರೂ ನಮ್ಮ ಮನೆಗೆ ಬಂದರು. ಅಪ್ಪ ದಾರ ಕಟ್ಟಿದ ಬೂಟಿನ ಡಬ್ಬಿಯನ್ನು ಹಸಿರು ಬಟ್ಟೆಯ ಮೇಲಿಟ್ಟರು.

"ಬೆಲೆ ಕಟ್ಟಯ್ಯಾ. ಆದ್ರೆ ನನ್ನ ಕರ್ನಲ್ ತಂಟೆಗೆ ಹೋಗ್ಬೇಡ."

"ನಾನು ಲೋಹ ನೋಡೋನು ಮಾವ, ಕಥೆ ಅಲ್ಲ," ಎಂದ ಡೆಲ್ಬರ್ಟ್. ಸಂತೋಷದಲ್ಲಿ ಅವನು ಕೈಗವಸುಗಳನ್ನು ಎಡಬಲ ಅದಲುಬದಲಾಗಿ ಹಾಕಿಕೊಂಡ.

ಅಪ್ಪ ಮುಂದಿನ ಕೋಣೆಗೆ ಹೋಗಿ, ಒರಗುಕುರ್ಚಿಯಲ್ಲಿ ಕುಳಿತು, ಬೇಸ್‌ಬಾಲ್ ಆಟ ಹಾಕಿಕೊಂಡು, ಎರಡನೇ ಇನಿಂಗ್ಸಿಗೆ ಗೊರಕೆ ಆರಂಭಿಸಿದರು. ಅಮ್ಮ ಅಡುಗೆಮನೆಯಲ್ಲೇ ಉಳಿದಳು. ನಾನು ಸಿಪ್ಪೆ ತೆಗೆದಿಟ್ಟಿದ್ದ ಆಲೂಗಡ್ಡೆಗಳ ಸಿಪ್ಪೆಯನ್ನು ಅವಳು ಮತ್ತೊಮ್ಮೆ ತೆಗೆಯತೊಡಗಿದಳು.

ಡೆಲ್ಬರ್ಟ್ ಪಿಸ್ತೂಲನ್ನು ಮಗುಚಿದ. ಭೂತಗನ್ನಡಿಯನ್ನು ಹತ್ತಿರ ತಂದ. ದೂರ ಒಯ್ದ. ಮತ್ತೆ ಹತ್ತಿರ ತಂದ. ಆಮೇಲೆ ಗಂಟಲು ಸರಿಪಡಿಸಿಕೊಂಡ.

ನಾನು ಅಭ್ಯಾಸಬಲದಿಂದ ಪೈ ಕತ್ತರಿಸಲು ಎದ್ದವಳು ಅರ್ಧದಲ್ಲಿ ನಿಂತೆ. "ಏನದು ಗಂಟಲಲ್ಲಿ?"

"ಮುದ್ರೆ ಇದೆ, ಕೊರಿನ್."

"ಗೀರು ಇರ್ಬಹುದು. ಸರಿಯಾಗಿ ನೋಡು."

"ಗೀರು ಊರಿನ ಹೆಸರು ಬರೆಯಲ್ಲ. ಅಂಕಿಗಳೂ ಒಂದಕ್ಕೊಂದು ಸೇರಲ್ಲ. ಮೇಲಿಂದ ಬಣ್ಣ ಬೇರೆ ಕುಡಿಸಿದ್ದಾರೆ. ಇದು ಅಂಗಡೀಲಿ ಕೊಂಡಿದ್ದು. ಮಾವ ಹಿಮದ ಕಾಡಿಗೆ ಹೋಗಿದ್ರೋ ಇಲ್ವೋ ಗೊತ್ತಿಲ್ಲ, ಇದಂತೂ ಹೋಗಿಲ್ಲ."

"ಮೆತ್ತಗೆ ಮಾತಾಡು!" ಎಂದು ನಾನು ಗಟ್ಟಿಯಾಗಿ ಪಿಸುಗುಟ್ಟಿದೆ. "ನಮ್ಮಪ್ಪ ಸುಳ್ಳು ಹೇಳೋರಲ್ಲ."

"ಎಲ್ಲ ಮೊಮ್ಮಕ್ಕಳೂ ಇದನ್ನೇ ಅಂತಾರೆ."

ಆಲೂಗಡ್ಡೆಯೊಂದು ನೆಲಕ್ಕೆ ಬಿತ್ತು. ಅಮ್ಮ ಅದನ್ನು ಎತ್ತಿಕೊಳ್ಳಲಿಲ್ಲ.

"ನಿಮ್ಮಪ್ಪ ಸುಳ್ಳು ಹೇಳಿಲ್ಲ ಕಣೇ. ನಾನು ಮಾಡಿದ್ದು," ಎಂದಳು. "ನೀನು ಹೈಸ್ಕೂಲಲ್ಲಿದ್ದಾಗ ಮನೆ ಮುಂದೆ ಹಳೆ ಸಾಮಾನು ಮಾರಾಟ ಇಟ್ಟಿದ್ವಲ್ಲ... ಬೂಟಿನ ಡಬ್ಬಿಗಳೆಲ್ಲ ಒಂದೇ ಥರ ಇದ್ವು. ಬೂಟು ಅಂತ ತಿಳ್ಕೊಂಡು ಕೊಟ್ಬಿಟ್ಟೆ. ವಾಫಲ್ ಹುಯ್ಯೋ ಕಾವಲಿ ತಗೊಂಡವನಿಗೆ ಅದನ್ನ ಮೇಲಿಂದ ಸುಮ್ನೆ ಕೊಟ್ಟೆ."

ಡೆಲ್ಬರ್ಟ್ ಕಣ್ಣು ಮುಚ್ಚಿಕೊಂಡ. "ಸುಮ್ನೆ?"

"ಕಾವಲಿ ಹಿಡಿ ಅಲ್ಲಾಡ್ತಿತ್ತಪ್ಪ. ಅವನು ಚೌಕಾಸಿ ಮಾಡ್ದ."

ಎಷ್ಟೋ ವರ್ಷಗಳ ಮೇಲೆ ಅಪ್ಪ ಮೊಮ್ಮಗನಿಗೆ ಪಿಸ್ತೂಲು ತೋರಿಸುತ್ತೇನೆ ಎಂದಾಗಲೇ ಅಮ್ಮನಿಗೆ ತಾನು ಮಾಡಿದ್ದು ತಿಳಿದದ್ದು. ಅಪ್ಪನನ್ನು ಮೀನು ಹಿಡಿಯಲು ಕಳಿಸಿ, ಬಸ್ಸು ಹತ್ತಿ, ಪಟ್ಟಣದ ಅಂಗಡಿಯಲ್ಲಿ 'ಇಂಥದ್ದೇ ಒಂದು, ಸ್ವಲ್ಪ ಹಳೇದಾಗಿ ಕಾಣೋದು' ಎಂದು ಕೇಳಿ ತಂದಿದ್ದಳು. ಅಪ್ಪನ ಕಣ್ಣಿಗೆ ಆಗಲೇ ಪೊರೆ. ಮೊಮ್ಮಗನಿಗೆ ತೋರಿಸಿ, "ನೋಡು, ಈಗಲೂ ಅದೇ ತೂಕ," ಎಂದರಂತೆ.

"ನೋಡಿದ್ಯಾ?" ಎಂದೆ ನಾನು ಡೆಲ್ಬರ್ಟನಿಗೆ. ನನ್ನ ಕಣ್ಣು ತುಂಬಿತ್ತು. "ಕಥೆ ನಿಜ. ಪಿಸ್ತೂಲು ಮಾತ್ರ ಸುಳ್ಳು. ನೀನು ಸಹಿ ಹಾಕು."

"ಸುಳ್ಳು ಪಿಸ್ತೂಲಿಗೆ ನಿಜವಾದ ಸಹಿ ಹಾಕ್ಲಾ?"

"ಇಡೀ ಊರಿನ ಮುಂದೆ ಅಪ್ಪನ್ನ ಸುಳ್ಳುಗಾರ ಮಾಡ್ತೀಯಾ?"

"ಕೊರಿನ್, ನಾನು ವಿಧವೆಯರಿಗೇ ಹೇಳಿದ್ದೀನಿ..."

"ಅವರು ಬೇರೆಯವರ ಮನೆ ವಿಧವೆಯರು!"

ಮುಂದಿನ ಕೋಣೆಯಲ್ಲಿ ಗೊರಕೆ ನಿಂತಿತು. ಮೂವರೂ ಬಾಗಿಲ ಕಡೆ ತಿರುಗಿದೆವು. ಅಪ್ಪ ಮಗ್ಗುಲು ಬದಲಿಸಿದ ಸದ್ದು, ಮತ್ತೆ ಗೊರಕೆ.

ಆ ಗೊರಕೆಯ ನಡುವೆ ನನಗೆ ಒಂದು ಉಪಾಯ ಹೊಳೆಯಿತು. ಈಗ ಯೋಚಿಸಿದರೆ, ಅದು ಹೊಳೆದ ಕ್ಷಣ ನಾನು ಆಲೂಗಡ್ಡೆಯ ಮೇಲೆ ಕಾಲಿಟ್ಟು ಜಾರಿ ಬಿದ್ದು ಪ್ರಜ್ಞೆ ತಪ್ಪಿದ್ದರೆ ಚೆನ್ನಾಗಿತ್ತು.

ಡೆಲ್ಬರ್ಟನ ಕಪಾಟಿನಲ್ಲಿ ಒಂದು ಲೂಗರ್ ಇತ್ತು. ಯುದ್ಧ ಆರಂಭವಾದ ವರ್ಷ ತಯಾರಾದದ್ದು, ಕೊನೆಯ ಮೊಳೆಯವರೆಗೆ ಒಂದೇ ಅಂಕಿ, ಮುದ್ರೆಯ ಸುಳಿವಿಲ್ಲ. ಮಳೆ ನಿಂತ ಸಂಜೆಯ ಆಕಾಶಕ್ಕಿರುವ ನೀಲಿ ಅದರ ಮೈಗೂ ಇತ್ತು. ಅದನ್ನು ಅವನು ಭಾನುವಾರಗಳಂದು ಸುಮ್ಮನೆ ತೆಗೆದು ನೋಡುತ್ತಿದ್ದ. ಆ ನೋಟ ನನ್ನ ಪಾಲಿಗೆ ಮದುವೆಯ ಫೋಟೋಗಳಲ್ಲಿ ಮಾತ್ರ ಉಳಿದಿದೆ.

ನಾನು ಕಪಾಟಿನ ಕಡೆ ನೋಡಿದೆ. ಡೆಲ್ಬರ್ಟ್ ನನ್ನನ್ನು ನೋಡಿದ.

"ಬೇಡ," ಎಂದ. "ನನ್ನ ಕಿಡ್ನಿ ತಗೋ."

"ಕಿಡ್ನಿ ಗಾಜಿನ ಪೆಟ್ಟಿಗೇಲಿ ಚೆನ್ನಾಗಿ ಕಾಣಲ್ಲ. ಯೋಚ್ನೆ ಮಾಡು. ನಿನ್ನ ಸಹಿಯೂ ನಿಜ ಆಗುತ್ತೆ. ಇದನ್ನ ನೋಡಿದೆ, ಇದು ಇಂಥದ್ದು, ಬೆಲೆ ಇಷ್ಟು ಅಂತ ಬರಿ. ಒಂದಕ್ಷರ ಸುಳ್ಳಿಲ್ಲ. ಸಭಾಂಗಣದವರು ಎರವಲಾಗಿ ತಾನೇ ಇಟ್ಕೊಳ್ಳೋದು? ಅಪ್ಪ... ಅಂದ್ರೆ ಯಾವತ್ತೋ ಒಂದಿನ... ನಮಗೇ ವಾಪಸ್ಸು ಬರುತ್ತೆ."

"ಮಾವನಿಗೆ ಗೊತ್ತಾಗುತ್ತೆ."

"ಗೊತ್ತಾಗಲ್ಲ," ಎಂದಳು ಅಮ್ಮ ಅನುಭವದ ಮೇಲೆ.

ಬೇಸ್‌ಬಾಲ್ ಮುಗಿಯುವ ಹೊತ್ತಿಗೆ ಬೂಟಿನ ಡಬ್ಬಿಯಲ್ಲಿ ಡೆಲ್ಬರ್ಟನ ಪ್ರಾಣವಿತ್ತು. ಅವನು ದಾರವನ್ನು ಶವಯಾತ್ರೆಗೆ ಸಿದ್ಧಪಡಿಸುವವನ ಹಾಗೆ ಬಿಗಿದ. ಮೌಲ್ಯಮಾಪನ ಪತ್ರದಲ್ಲಿ ಎರಡು ಸಾವಿರ ಡಾಲರ್ ಎಂದು ಬರೆದು ಸಹಿ ಮಾಡಿದ. ಅದು ಅವನ ಜೀವನದ ಅತ್ಯಂತ ಸತ್ಯವಾದ ಕಾಗದ. ಅಂಗಡಿಯ ಪಿಸ್ತೂಲು ನಮ್ಮ ಕಪಾಟು ಸೇರಿತು.

ಶನಿವಾರ ಸಭಾಂಗಣದಲ್ಲಿ ಸಮಾರಂಭ. ಹ್ಯಾಮ್ ಸ್ಯಾಂಡ್‌ವಿಚ್ಚು, ಆಲೂಗಡ್ಡೆ ಸಲಾಡು, ಧ್ವಜದ ಬಣ್ಣದ ಕೆನೆ ಬಳಿದ ಕೇಕು. ಅಪ್ಪ ಹಳೆಯ ಟೋಪಿ ಹಾಕಿಕೊಂಡಿದ್ದರು. ಹಿತ್ತಾಳೆ ಫಲಕ ಹೊಳೆಯುತ್ತಿತ್ತು. ಅಮ್ಮ ಕೇಕಿನ ಮೇಲಿಂದ ಕಣ್ಣು ಎತ್ತಲಿಲ್ಲ. ಎಲ್ಲರೂ ಪಿಸ್ತೂಲಿನ ಸುತ್ತ ಸೇರಿದರು. ಅವರಲ್ಲಿ ಗಾರ್ತ್ ನೋವಾಕ್ ಕೂಡ ಇದ್ದ.

ನೋವಾಕ್ ಪಕ್ಕದ ಜಿಲ್ಲೆಯ ಸಂಗ್ರಹಕಾರ. ಡೆಲ್ಬರ್ಟನ ಆ ಲೂಗರನ್ನು ಕೊಡೆಂದು ವರ್ಷಗಟ್ಟಲೆ ಬೇಡಿದ್ದ, ಬೈದಿದ್ದ, ಒಮ್ಮೆ ಒಂದು ಟ್ರ್ಯಾಕ್ಟರನ್ನೇ ಬದಲಿಗೆ ಕೊಡಲು ಬಂದಿದ್ದ. ಅವನು ಕೈಗವಸು ಹಾಕಿಕೊಂಡು ಪಿಸ್ತೂಲನ್ನು ಎತ್ತಿದ, ಅಂಕಿ ಓದಿದ, ನಿಧಾನವಾಗಿ ಡೆಲ್ಬರ್ಟನ ಕಡೆ ತಿರುಗಿದ. ಡೆಲ್ಬರ್ಟ್ ಸೂರನ್ನು ನೋಡಿದ. ಸಂಗ್ರಹಕಾರರಿಗೆ ತಮ್ಮ ಮಕ್ಕಳ ಹುಟ್ಟಿದ ದಿನ ನೆನಪಿರುವುದಿಲ್ಲ, ಇನ್ನೊಬ್ಬನ ಪಿಸ್ತೂಲಿನ ಅಂಕಿ ನೆನಪಿರುತ್ತದೆ.

"ಕರ್ನಲ್ ಹತ್ರ ಕಿತ್ಕೊಂಡಿದ್ದಾ ಯಜಮಾನ್ರೇ?" ಎಂದು ನೋವಾಕ್ ಅಪ್ಪನನ್ನು ಬಹಳ ವಿನಯದಿಂದ ಕೇಳಿದ.

"ಮತ್ತೆ? ಹಿಮ ಬೀಳ್ತಿತ್ತು..."

"ಬೀಳದೆ ಇರುತ್ತಾ! ನಿಮ್ಮ ಅಳಿಯಾನೇ ಸಹಿ ಹಾಕಿದ್ದಾನೆ, ಅನುಮಾನವೇ ಇಲ್ಲ. ನಗದು ಸಾವಿರದ ಎಂಟುನೂರು ಕೊಡ್ತೀನಿ. ಇಲ್ಲೇ, ಈಗ್ಲೇ."

ನಾನು ನಕ್ಕೆ. ಪ್ರಾಣಕ್ಕಿಂತ ಹೆಚ್ಚಾದ ಪಿಸ್ತೂಲನ್ನು, ಹೆಸರಿನ ಫಲಕದ ಮುಂದೆ ನಿಂತು, ಯಾರಾದರೂ ಮಾರುತ್ತಾರೆಯೇ?

ಅಪ್ಪ ಪತ್ರವನ್ನು ತೆಗೆದು, ಮೂಗಿಗೆ ಹತ್ತಿರ ಹಿಡಿದು, ಅಂಕಿಯನ್ನು ಇನ್ನೊಮ್ಮೆ ಓದಿದರು. "ಡೆಲ್ಬರ್ಟ್, ಈ ಬೆಲೆ ನಿಜಾನೇನಯ್ಯಾ?"

"ನಿಜ ಮಾವ," ಎಂದ ಡೆಲ್ಬರ್ಟ್. ಆ ಧ್ವನಿ ಎಲ್ಲಿಂದ ಬಂತೋ ತಿಳಿಯದು. "ಆದ್ರೆ... ಇದು ಮನೆತನದ ನೆನಪು... ಮಾರ್ಬೇಡಿ."

"ನೆನಪು ತಲೇಲಿದೆ, ಅದನ್ನ ಯಾರೂ ತಗೊಂಡು ಹೋಗಲ್ಲ," ಎಂದರು ಅಪ್ಪ ಗಂಭೀರವಾಗಿ. ಸಭೆ ಚಪ್ಪಾಳೆ ತಟ್ಟಿತು. "ನನಗೆ ಬಹಳ ದಿನದಿಂದ ಕೂತು ಹುಲ್ಲು ಕತ್ತರಿಸೋ ಯಂತ್ರ ಬೇಕಾಗಿತ್ತು."

ಡೆಲ್ಬರ್ಟ್ ಏನು ಮಾಡಬಹುದಿತ್ತು? 'ಅದು ನನ್ನದು' ಎಂದರೆ ಅಪ್ಪನ ಕಥೆ ಹೋಯಿತು, ಅಮ್ಮನ ಗುಟ್ಟು ಹೋಯಿತು, ಅವನ ಸಹಿಯೂ ಹೋಯಿತು. ಪ್ರಾಮಾಣಿಕನಿಗೆ ಒಮ್ಮೆ ಬಾಯಿ ಕಟ್ಟಿದರೆ ಪೂರ್ತಿ ಕಟ್ಟುತ್ತದೆ. ಅಭ್ಯಾಸವಿರುವವನಾದರೂ ಅಲ್ಲಿ ಇನ್ನೊಂದು ಸುಳ್ಳು ಹೊಸೆದು ತಪ್ಪಿಸಿಕೊಳ್ಳುತ್ತಿದ್ದ. ನೋವಾಕ್ ನೋಟುಗಳನ್ನು ಎಣಿಸಿದ. ಸಭಾಂಗಣದ ಕಾರ್ಯದರ್ಶಿ ಖಾಲಿ ಗಾಜಿನ ಪೆಟ್ಟಿಗೆಯ ಮುಂದೆ ನಿಂತು, "ಇದಕ್ಕೇನು ಮಾಡೋದು? ಫಲಕ ಬೇರೆ ಕೆತ್ತಿಸಿಯಾಗಿದೆ," ಎಂದು ಪೇಚಾಡಿದ.

"ನಮ್ಮನೇಲಿ ಅಂಥದ್ದೇ ಒಂದಿದೆ," ಎಂದೆ ನಾನು. "ಅಷ್ಟೇನೂ ಬೆಲೆ ಬಾಳಲ್ಲ."

ಹೀಗೆ ಅಮ್ಮ ಅಂಗಡಿಯಿಂದ ತಂದ ಪಿಸ್ತೂಲು, ನಾವು ಏನೂ ಮಾಡದೆ ಸುಮ್ಮನಿದ್ದರೆ ಎಲ್ಲಿಗೆ ಹೋಗುತ್ತಿತ್ತೋ, ಅಲ್ಲಿಗೇ ಹೋಗಿ ಕುಳಿತಿತು. ನಳಿಗೆಯ ಅಡಿ ಕೆಳಗಿರುವುದರಿಂದ ಮುದ್ರೆ ಯಾರಿಗೂ ಕಾಣುವುದಿಲ್ಲ.

ಡೆಲ್ಬರ್ಟ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಎರಡು ಮಾತು ಸೇರಿಸಿ ಬೈದು ಹಗುರಾಗುತ್ತಿದ್ದೆ. ಅವನು ಸಂಜೆ ಹೊತ್ತು ಕಪಾಟಿನ ಬಾಗಿಲು ತೆರೆದು, ಖಾಲಿ ಜಾಗ ನೋಡಿ, ಮುಚ್ಚುತ್ತಿದ್ದ. ಮಾಂಸದ ಸಾರು ಬಡಿಸಿದರೆ "ಚೆನ್ನಾಗಿದೆ" ಎನ್ನುತ್ತಿದ್ದ, ತಟ್ಟೆ ಹಾಗೇ ಇರುತ್ತಿತ್ತು. ಹಸಿರು ಬಟ್ಟೆಯನ್ನು ಅವನೇ ಮಡಿಸಿ ಒಳಗಿಟ್ಟ. ಮೇಜು ಪೂರ್ತಿ ನನ್ನದಾಯಿತು. ಅದರ ಮುಂದೆ ಒಬ್ಬಳೇ ಕುಳಿತವಳು ತಟ್ಟೆಯನ್ನು ಮತ್ತೆ ತೊಡೆಯ ಮೇಲೇ ಇಟ್ಟುಕೊಂಡೆ.

ಕೊನೆಗೆ ನಾನೇ ಕಾರು ತೆಗೆದುಕೊಂಡು ನೋವಾಕನ ಮನೆಗೆ ಹೋದೆ. ಅವನು ನನ್ನ ದಾರಿ ಕಾಯುತ್ತಿದ್ದವನ ಹಾಗೆ ಕಾಫಿ ಕೊಟ್ಟ.

"ಎರಡು ಸಾವಿರದ ಏಳುನೂರು," ಎಂದ.

"ನಮ್ಮಪ್ಪನಿಗೆ ನೀನು ಕೊಟ್ಟಿದ್ದು ಸಾವಿರದ ಎಂಟುನೂರು!"

"ಹೌದಕ್ಕಾ. ಆದ್ರೆ ಈಗ ಅದಕ್ಕೆ ಒಬ್ಬ ಕರ್ನಲ್ ಸೇರಿದ್ದಾನಲ್ಲ. ನಿಮ್ಮ ಯಜಮಾನ್ರೇ ಸಹಿ ಹಾಕಿದ ಕಾಗದಾನೂ ಜೊತೆಗಿದೆ. ಅಂಥವರ ಸಹಿಗೆ ಸುಮ್ನೆ ಬೆಲೆ ಬರುತ್ತಾ?"

ಗಾಜಿನ ಜಗಲಿಯ ಮೂರು ಗೋಡೆ, ಮಾಡು, ಮೆಟ್ಟಿಲು ಎಲ್ಲವನ್ನೂ ಎಣಿಸಿ ಅವನ ಕೈಯಲ್ಲಿಟ್ಟೆ. ಲೂಗರನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ತಂದು ಕಪಾಟಿನಲ್ಲಿಟ್ಟೆ. ಡೆಲ್ಬರ್ಟ್ ಆ ಸಂಜೆ ಹಸಿರು ಬಟ್ಟೆಯನ್ನು ಮತ್ತೆ ಮೇಜಿಗೆ ಹಾಸಿ, ಎರಡು ತಟ್ಟೆ ಸಾರು ಕುಡಿದ. ಬಹಳ ಹೊತ್ತು ಏನೋ ಹೇಳಲು ಒದ್ದಾಡಿ, "ಸ್ವಲ್ಪ ಜಾಸ್ತಿ ಕೊಟ್ಟೆ," ಎಂದ. ಅವನಿಗೆ ಗೊತ್ತಿರುವ ಪ್ರೇಮದ ಮಾತು ಅಷ್ಟೇ.

ಮುಂದಿನ ವಾರ ಅಪ್ಪ ಹೊಸ ಯಂತ್ರದ ಮೇಲೆ ಕುಳಿತು, ಅದನ್ನು ರಸ್ತೆಯ ಮೇಲೇ ಓಡಿಸಿಕೊಂಡು, ಹಿಂದೆ ಸಾಲುಗಟ್ಟಿದ ಕಾರುಗಳಿಗೆ ಕೈಬೀಸುತ್ತಾ ನಮ್ಮ ಮನೆಗೆ ಬಂದರು. ನಮ್ಮ ಹಿತ್ತಿಲ ಹುಲ್ಲನ್ನು ಕತ್ತರಿಸಿಕೊಟ್ಟರು. ಆಮೇಲೆ ಯಂತ್ರ ನಿಲ್ಲಿಸಿ, ನಾನು ಕೊಟ್ಟ ನಿಂಬೆ ಪಾನಕ ಕುಡಿಯುತ್ತಾ, ಕತ್ತರಿಸಿದ ಹುಲ್ಲಿನ ವಾಸನೆಯಲ್ಲಿ ಕಾಲು ಚಾಚಿದರು.

"ಅಪ್ಪ, ನಿನಗೆ ಬೇಜಾರಿಲ್ವಾ?" ಎಂದೆ. "ಅಷ್ಟು ವರ್ಷದ ಪಿಸ್ತೂಲು. ಆ ಕರ್ನಲ್..."

ಅಪ್ಪ ಆಚೀಚೆ ನೋಡಿದರು. "ಯಾರಿಗೂ ಹೇಳಲ್ಲ ತಾನೇ?"

"ಇಲ್ಲ."

"ಕರ್ನಲ್ಲೂ ಇಲ್ಲ, ಕಾಡೂ ಇಲ್ಲ ಕಣೇ. ಯುದ್ಧ ಮುಗಿದು ಬಂದರಿನಲ್ಲಿ ಹಡಗಿಗೆ ಕಾಯ್ತಿದ್ವಿ. ನಮ್ಮ ಪಡೆಯ ಅಡುಗೆಯವನ ಹತ್ರ ಪಿಸ್ತೂಲುಗಳ ಒಂದು ರಾಶೀನೇ ಇತ್ತು. ಎರಡು ಪೆಟ್ಟಿಗೆ ಸಿಗರೇಟು ಕೊಟ್ಟು ಒಂದನ್ನ ತಗೊಂಡೆ. ಇಲ್ಲಿ ರೈಲಿಳಿದ್ರೆ ನಿಮ್ಮಮ್ಮ ನಿಂತಿದ್ಲು, ನೀಲಿ ಫ್ರಾಕು ಹಾಕ್ಕೊಂಡು. 'ಇದೆಲ್ಲಿ ಸಿಕ್ತು?' ಅಂತ ಕಣ್ಣರಳಿಸಿ ಕೇಳಿದ್ಲು. ಸಿಗರೇಟು ಅನ್ನೋಕೆ ಬಾಯಿ ಬರಲಿಲ್ಲ. ಒಬ್ಬ ಲೆಫ್ಟಿನೆಂಟ್ ಬಂದ. ಬಂದವನು ಹೋಗಲೇ ಇಲ್ಲ."

ನನ್ನ ಕೈಯಲ್ಲಿದ್ದ ಪಾನಕದ ಹೂಜಿ ವಾಲಿ, ಅರ್ಧ ಪಾನಕ ನನ್ನ ಚಪ್ಪಲಿಗೆ ಸುರಿಯಿತು.

ಅಪ್ಪ ಯಂತ್ರವನ್ನು ಮತ್ತೆ ಚಾಲೂ ಮಾಡಿದರು. ಆ ಸದ್ದಿನ ನಡುವೆ ನನ್ನ ಕಡೆ ಬಾಗಿ, ಕಿವಿಯ ಹತ್ತಿರ ಕೂಗಿ ಹೇಳಿದರು:

"ನಿಮ್ಮಮ್ಮನಿಗೆ ಮಾತ್ರ ಬಾಯಿ ಬಿಡಬೇಡ! ತುಂಬಾ ನೊಂದ್ಕೋತಾಳೆ. ಪಾಪ, ಇಷ್ಟು ವರ್ಷ ಎಷ್ಟು ಜೋಪಾನವಾಗಿ ಇಟ್ಟಿದ್ಲು ಅದನ್ನ!"